ನೈಟ್ ಲೋರ್: 48 ಕೆಬಿಯೊಳಗಿನ ಮಾಯಾಕೋಟೆ

ನೈಟ್ ಲೋರ್ ಎಂಬುದು 1984ರ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ ಗಣಕ ಆಟ. ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಮನೆಬಳಕೆಯ ಕಂಪ್ಯೂಟರಿಗಾಗಿ ಇದನ್ನು ರಚಿಸಿದವರು ಟಿಮ್ ಸ್ಟ್ಯಾಂಪರ್ ಮತ್ತು ಕ್ರಿಸ್ ಸ್ಟ್ಯಾಂಪರ್ ಎಂಬ ಸಹೋದರರು. ಲೆಸ್ಟರ್‌ಶೈರಿನ ಆಶ್‌ಬಿ-ಡಿ-ಲಾ-ಝೂಶ್ ಎಂಬ ಚಿಕ್ಕ ಪಟ್ಟಣದಲ್ಲಿದ್ದ ಅವರ ಸಂಸ್ಥೆಯ ಹೆಸರು ಅಲ್ಟಿಮೇಟ್ ಪ್ಲೇ ದ ಗೇಮ್. ಆಟದ ಗೀಳನ್ನು ಬಿಡಿಸುವುದು ಹೇಗೆಂದು ಪೋಷಕರು ನಮ್ಮನ್ನು ಮೇಲಿಂದ ಮೇಲೆ ಕೇಳುತ್ತಾರೆ; ಆಟವನ್ನು ಕಟ್ಟುವುದು ಹೇಗೆಂದು ಕೇಳುವವರು ವಿರಳ. ಎರಡನೆಯ ಪ್ರಶ್ನೆಗೆ ಈ ಹಳೆಯ ಆಟದಷ್ಟು ತಿಳಿಯಾದ ಉತ್ತರ ಕೊಡುವ ಉದಾಹರಣೆಗಳು ಹೆಚ್ಚಿಲ್ಲ. ಅದನ್ನು ಅರಿಯಲು ಪ್ರೌಢಶಾಲೆಯ ಗಣಿತವೇ ಸಾಕು.

ಕಥೆ ಸರಳವಾದದ್ದು. ಸೇಬರ್‌ಮ್ಯಾನ್ ಎಂಬ ಸಾಹಸಿಗೆ ಶಾಪ ತಟ್ಟಿದೆ. ಹಗಲಿನಲ್ಲಿ ಮನುಷ್ಯನಾಗಿರುವ ಅವನು ಇರುಳಾದೊಡನೆ ಮೈ ಹಿಂಡಿಕೊಂಡು ತೋಳಮಾನವನಾಗುತ್ತಾನೆ. ಮೆಲ್ಕಿಯೋರ್ ಎಂಬ ಮುದಿ ಮಾಂತ್ರಿಕನ ಕೋಟೆಯೊಳಗೆ ಒಂದು ಕಡಾಯಿ ಇದೆ. ಕೋಟೆಯಲ್ಲಿ ಅಲ್ಲಲ್ಲಿ ಬಿದ್ದಿರುವ ವಜ್ರ, ಬೂಟು, ಪಾನಪಾತ್ರೆ, ಸ್ಫಟಿಕದ ಗೋಳ ಮೊದಲಾದ ವಸ್ತುಗಳಲ್ಲಿ 14ನ್ನು ಕಡಾಯಿ ಕೇಳಿದ ಕ್ರಮದಲ್ಲಿಯೇ ತಂದು ಹಾಕಬೇಕು. ಅವಧಿ 40 ಹಗಲು, 40 ಇರುಳು. ತೆರೆಯ ಕೆಳಮೂಲೆಯ ಕಿಟಕಿಯಲ್ಲಿ ಸೂರ್ಯಚಂದ್ರರು ಒಬ್ಬರಾದ ಮೇಲೊಬ್ಬರು ಸಾಗುತ್ತಿರುತ್ತಾರೆ, ಗಡಿಯಾರವೆಂದರೆ ಅದೇ. ತೋಳದ ರೂಪದಲ್ಲಿ ಕಡಾಯಿಯ ಕೋಣೆಗೆ ಕಾಲಿಟ್ಟರೆ ಕಡಾಯಿಯೇ ಅವನ ಮೇಲೆ ಎರಗುತ್ತದೆ. ಮುಂದೆ ಬೇಕಾದ ವಸ್ತು ಯಾವುದೆಂಬುದನ್ನು ಕಡಾಯಿ ಚಿತ್ರದಿಂದಲೇ ಸೂಚಿಸುತ್ತದೆ. ಆಟ ನಡೆಯುವಾಗ ಓದಬೇಕಾದ ಮಾತು ಇಲ್ಲವೆನ್ನುವಷ್ಟು ಕಡಿಮೆ. ಇಂಗ್ಲಿಷ್ ಬಾರದ ಮಗುವೂ ಆಡಬಹುದಾದ ಇಂಗ್ಲಿಷ್ ಆಟವಿದು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ.

ಒಗಟೂ ಚುರುಕುತನವೂ ಇಲ್ಲಿ ಒಂದರೊಳಗೊಂದು ಸೇರಿಕೊಂಡಿವೆ. ಕೋಟೆಯಲ್ಲಿ 128 ಕೋಣೆಗಳು. ಮೇಲಿಂದ ಬೀಳುವ ಮುಳ್ಳುಗುಂಡುಗಳು, ಏರಿಳಿಯುವ ಕಬ್ಬಿಣದ ಜಾಲರಿಬಾಗಿಲುಗಳು, ಗಸ್ತು ತಿರುಗುವ ಕಾವಲುಗಾರರು, ಕಾಲಿಟ್ಟೊಡನೆ ಜಾರಿಹೋಗುವ ಕಲ್ಲುಗಳು ಇವೆಲ್ಲವನ್ನೂ ಕಣ್ಣಳತೆಯ ಜಿಗಿತದಿಂದ ದಾಟಬೇಕು. ಒಮ್ಮೆಗೆ ಮೂರು ವಸ್ತುಗಳನ್ನಷ್ಟೇ ಹೊರಬಹುದು. ಆದರೆ ಹೊತ್ತ ವಸ್ತು ಮೆಟ್ಟಿಲೂ ಆಗಬಲ್ಲದು: ಎಟುಕದ ಎತ್ತರದಲ್ಲಿರುವುದನ್ನು ತೆಗೆಯಲು ಕೈಯಲ್ಲಿರುವುದನ್ನು ಕೆಳಗಿಟ್ಟು, ಅದರ ಮೇಲೆ ನಿಂತು ಜಿಗಿಯಬೇಕು. ಅಟ್ಟದ ಡಬ್ಬಿಗಾಗಿ ಮಣೆಯ ಮೇಲೆ ಮಣೆ ಪೇರಿಸುವ ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಈ ಕೋಟೆ ಎಷ್ಟು ಕಿರಿದಾದ ಜಾಗದಲ್ಲಿ ನೆಲೆಗೊಂಡಿತ್ತು ಎಂಬುದನ್ನು ಲೆಕ್ಕಹಾಕಿ ನೋಡಬೇಕು. 1982ರ ಏಪ್ರಿಲ್‌ನಲ್ಲಿ ಬಂದ ಸ್ಪೆಕ್ಟ್ರಮ್‌ನ ದೊಡ್ಡ ಮಾದರಿಯ ಸ್ಮೃತಿ 48 ಕೆಬಿ, ಎಂದರೆ 49,152 ಬೈಟ್. ಅದರಲ್ಲಿ 6,912 ಬೈಟ್ ತೆರೆಯ ಚಿತ್ರಕ್ಕೇ ಮೀಸಲು. ಕೋಟೆ, ಕಾವಲುಗಾರರು, ಜಿಗಿತದ ನಿಯಮ, ಸದ್ದು ಎಲ್ಲವೂ ಉಳಿದ 42,240 ಬೈಟ್‌ಗಳಲ್ಲಿ ಅಡಗಬೇಕು. ಇಂದು ಮೊಬೈಲಿನಲ್ಲಿ ತೆಗೆಯುವ ಒಂದು ಸಾಮಾನ್ಯ ಛಾಯಾಚಿತ್ರಕ್ಕೆ ಇದರ ಹತ್ತಾರು ಪಟ್ಟು ಜಾಗ ಬೇಕು. ಪ್ರೊಸೆಸರಿನ ವೇಗ 3.5 ಮೆಗಾಹರ್ಟ್ಸ್. ಆಟವನ್ನು ಹಾಡಿನ ಕ್ಯಾಸೆಟ್ಟಿನಂಥ ಕ್ಯಾಸೆಟ್ಟಿನಿಂದ ಟೇಪ್ ರೆಕಾರ್ಡರ್ ಮೂಲಕ ಯಂತ್ರಕ್ಕೆ ಇಳಿಸಬೇಕಾಗಿತ್ತು. ಅದಕ್ಕೇ ಕೆಲವು ನಿಮಿಷ ಹಿಡಿಯುತ್ತಿತ್ತು.

ನೈಟ್ ಲೋರ್‌ನ ಹೆಚ್ಚುಗಾರಿಕೆಯಿರುವುದು ಅದರ ನೋಟದಲ್ಲಿ. ಅಂದಿನ ಬಹುಪಾಲು ಆಟಗಳು ಗೋಡೆಗೆ ಅಂಟಿಸಿದ ಚಿತ್ರದಂತೆ ಚಪ್ಪಟೆಯಾಗಿದ್ದವು. ಇಲ್ಲಿ ಕೋಣೆಯನ್ನು ಮೂಲೆಯ ಮೇಲ್ಗಡೆಯಿಂದ ಇಣುಕಿ ನೋಡಿದಂತೆ ಕಾಣುತ್ತದೆ. ಉದ್ದ, ಅಗಲ, ಎತ್ತರ ಮೂರೂ ಇವೆ. ಈ ಬಗೆಯ ರೇಖಾಚಿತ್ರಕ್ಕೆ ಐಸೋಮೆಟ್ರಿಕ್ ಎಂದು ಹೆಸರು. ಬಹುಕಾಲ ಬಳಕೆಯಲ್ಲಿದ್ದ ಎನ್‌ಸಿಇಆರ್‌ಟಿಯ ಏಳನೆಯ ತರಗತಿಯ ಗಣಿತ ಪುಸ್ತಕದಲ್ಲಿ ಚುಕ್ಕಿಹಾಳೆಯ ಮೇಲೆ ಘನಾಕೃತಿ ಬರೆಯಿಸುವ ಪಾಠವೊಂದಿತ್ತು, ಅದು ಇದೇ. ಸ್ಪೆಕ್ಟ್ರಮ್‌ನಲ್ಲಿ ಈ ನೋಟವನ್ನು ಮೊದಲು ತಂದವರು ಸ್ಟ್ಯಾಂಪರ್ ಸಹೋದರರೆಂದರೆ ತಪ್ಪಾಗುತ್ತದೆ. ಸ್ಯಾಂಡಿ ವೈಟ್ ರಚಿಸಿದ ಆ್ಯಂಟ್ ಅಟ್ಯಾಕ್ 1983ರಲ್ಲಿಯೇ ಬಂದಿತ್ತು. ಆದರೆ ವಸ್ತುಗಳನ್ನು ತಳ್ಳುವ, ಪೇರಿಸುವ, ಅವುಗಳ ಹಿಂದೆ ಮರೆಯಾಗುವ ಜೀವಂತ ಕೋಣೆಯನ್ನು ತೋರಿಸಿದ್ದು ನೈಟ್ ಲೋರ್. ಈ ತಂತ್ರಕ್ಕೆ ಅವರು ಫಿಲ್ಮೇಷನ್ ಎಂದು ಹೆಸರಿಟ್ಟರು.

ಲೆಕ್ಕದ ಬಗೆ ಹೀಗೆ. ಶಾಲೆಯಲ್ಲಿ ಮಾಡಿ ನೋಡಲು ಅನುಕೂಲವಾಗುವಂತೆ ಸರಳ ರೂಪವನ್ನು ಕೊಡುತ್ತಿದ್ದೇವೆ. ನೆಲದ ಮೇಲೆ ಒಂದು ದಿಕ್ಕಿನ ಅಳತೆ ಅ, ಇನ್ನೊಂದು ದಿಕ್ಕಿನದು ಬ, ಎತ್ತರ ಕ ಎಂದಿರಲಿ. ಹಾಳೆಯ ಮೇಲೆ ಬಲಕ್ಕೆ ಸರಿಯಬೇಕಾದ ದೂರ ಅ − ಬ; ಕೆಳಕ್ಕೆ ಸರಿಯಬೇಕಾದ ದೂರ, ಅ ಮತ್ತು ಬ ಮೊತ್ತದ ಅರ್ಧದಲ್ಲಿ ಕ ಕಳೆದಷ್ಟು. ಈಗ ನೆಲದ ಮೇಲೆ (4, 2, 0) ಎಂಬಲ್ಲಿರುವ ಕಲ್ಲನ್ನು ತೆಗೆದುಕೊಳ್ಳಿ. ಬಲಕ್ಕೆ 2, ಕೆಳಕ್ಕೆ 3. ಒಂದು ಮೆಟ್ಟಿಲು ಮೇಲೆ (5, 3, 1) ಎಂಬಲ್ಲಿ ತೇಲುವ ಇನ್ನೊಂದು ಕಲ್ಲು: ಬಲಕ್ಕೆ 2, ಕೆಳಕ್ಕೆ 4ರಲ್ಲಿ 1 ಕಳೆದು 3. ಎರಡೂ ಹಾಳೆಯ ಒಂದೇ ಬಿಂದುವಿಗೆ ಬಂದು ಕೂರುತ್ತವೆ! ದೂರದ ನೆಲದ ಕಲ್ಲು ಯಾವುದು, ಹತ್ತಿರದಲ್ಲಿ ತೇಲುವ ಕಲ್ಲು ಯಾವುದು ಎಂದು ಕಣ್ಣಿಗೆ ತಿಳಿಯದು. ಆಟಗಾರರು ಜಿಗಿತ ತಪ್ಪಿ ಮುಳ್ಳಿನ ಮೇಲೆ ಬೀಳುವುದಕ್ಕೆ ಇದು ದೊಡ್ಡ ಕಾರಣ. ವಸ್ತುಗಳಿಗೆ ನೆರಳು ಬರೆದಿದ್ದರೆ ಗೊಂದಲ ತಗ್ಗುತ್ತಿತ್ತು; ಬರೆದಿಲ್ಲ. ಆಟವಾಗಿ ಇದನ್ನು ದೋಷವೆಂದೇ ನಾವು ಎಣಿಸುತ್ತೇವೆ, ಪಾಠವಾಗಿ ಇದಕ್ಕಿಂತ ಒಳ್ಳೆಯದು ಬೇಡ.

ಇನ್ನೊಂದು ತೊಡಕು, ಯಾವುದು ಯಾವುದನ್ನು ಮರೆಮಾಡಬೇಕು ಎಂಬುದು. ದಸರೆಯ ಗೊಂಬೆಗಳನ್ನು ಹಿಂದಿನ ಸಾಲಿನಿಂದ ಜೋಡಿಸುತ್ತ ಮುಂದೆ ಬಂದಂತೆ ಯಂತ್ರವೂ ದೂರದ ವಸ್ತುವನ್ನು ಮೊದಲು, ಹತ್ತಿರದ್ದನ್ನು ಕೊನೆಗೆ ಬರೆಯುತ್ತದೆ. ಪ್ರತಿ ಚಿತ್ರಕ್ಕೂ ಅದರದೇ ಆಕಾರದ ಒಂದು ಅಚ್ಚು ಇರುತ್ತದೆ. ಮೊದಲು ಅಚ್ಚಿನಷ್ಟು ಜಾಗವನ್ನು ಒರೆಸಿ, ಅನಂತರ ಅಲ್ಲಿ ಚಿತ್ರವನ್ನು ಕೂರಿಸಿದಾಗ ಹಿಂದಿನ ಗೋಡೆ ನಾಯಕನ ಮೈಯೊಳಗಿಂದ ಇಣುಕುವುದಿಲ್ಲ. ಚಲಿಸುವ ವಸ್ತುಗಳು ಹೆಚ್ಚಿದ ಕೋಣೆಯಲ್ಲಿ ಈ ಕೆಲಸವೂ ಹೆಚ್ಚಿ, ಆಟ ಕಣ್ಣಿಗೆ ಕಾಣುವಂತೆ ನಿಧಾನವಾಗುತ್ತದೆ.

ಬಣ್ಣದ ಕಥೆಯೂ ಇಂಥದೇ. ಸ್ಪೆಕ್ಟ್ರಮ್ ತೆರೆಯಲ್ಲಿ 256 × 192 ಚುಕ್ಕಿಗಳಿದ್ದರೂ ಬಣ್ಣ ನಿರ್ಧಾರವಾಗುವುದು 8 × 8 ಚುಕ್ಕಿಗಳ 768 ಚೌಕಗಳಲ್ಲಿ, ಚೌಕಕ್ಕೆ ಎರಡೇ ಬಣ್ಣ. ಹಳದಿ ನಾಯಕ ಹಸಿರು ಗಿಡದ ಬಳಿ ಸುಳಿದರೆ ಒಂದರ ಬಣ್ಣ ಇನ್ನೊಂದಕ್ಕೆ ಮೆತ್ತಿಕೊಳ್ಳುತ್ತಿತ್ತು. ಸ್ಟ್ಯಾಂಪರ್ ಸಹೋದರರು ಒಂದು ಕೋಣೆಗೆ ಒಂದೇ ಬಣ್ಣ, ಉಳಿದದ್ದು ಕಪ್ಪು ಎಂದು ತೀರ್ಮಾನಿಸಿದರು. ಆ ಬಡತನದಿಂದಲೇ ಕೋಟೆಗೆ ಇರುಳಿನ ಗಾಂಭೀರ್ಯ ಬಂದಿದೆ.

ಈ ಆಟ ಸಿದ್ಧವಾದ ಕೂಡಲೇ ಅಂಗಡಿಗೆ ಬರಲಿಲ್ಲ. ಇದೇ ನಾಯಕನ ಸೇಬರ್ ವುಲ್ಫ್ ಎಂಬ ಚಪ್ಪಟೆ ನೋಟದ ಆಟ 1984ರಲ್ಲಿಯೇ ಮೊದಲು ಬಂತು. ಅದಕ್ಕೂ ಮುನ್ನವೇ ನೈಟ್ ಲೋರ್ ಮುಗಿದಿತ್ತೆಂದೂ, ಇದನ್ನು ಕಂಡವರು ಅದನ್ನು ಕೊಳ್ಳಲಾರರೆಂದು ತಡೆಹಿಡಿದೆವೆಂದೂ ಸಹೋದರರು ಮುಂದೆ ಹೇಳಿಕೊಂಡರು. ವ್ಯಾಪಾರದ ಜಾಣತನವದು, ಬೆಲೆಯೂ 9.95 ಪೌಂಡ್, ಅಂದಿನ ಕ್ಯಾಸೆಟ್ ಆಟಗಳ ನಡುವೆ ದುಬಾರಿಯೇ.

ಮುಂದಿನ ವರ್ಷಗಳಲ್ಲಿ ಬ್ರಿಟನ್ನಿನ ಆಟಗಾರಿಕೆ ಇದರ ಹಾದಿ ಹಿಡಿಯಿತು. ಅವರದೇ ಏಲಿಯನ್ 8 1985ರಲ್ಲಿ ಬಂದಿತು. ಜಾನ್ ರಿಟ್‌ಮನ್ ಮತ್ತು ಬರ್ನಿ ಡ್ರಮಂಡ್ ಅವರ ಬ್ಯಾಟ್‌ಮನ್ 1986ರಲ್ಲಿ, ಹೆಡ್ ಓವರ್ ಹೀಲ್ಸ್ 1987ರಲ್ಲಿ ಬಂದವು. ಕೊನೆಯದನ್ನು ಗುರುವನ್ನು ಮೀರಿಸಿದ ಶಿಷ್ಯನೆನ್ನಬಹುದು. ಸ್ಪೇನಿನಲ್ಲಿ ಸಂನ್ಯಾಸಿಗಳ ಮಠವೊಂದನ್ನು ಇದೇ ನೋಟದಲ್ಲಿ ಕಟ್ಟಿದ ಲಾ ಅಬಾದಿಯಾ ದೆಲ್ ಕ್ರಿಮೆನ್ 1987ರಲ್ಲಿ ಹೊರಬಂದಿತು.

ನೈಟ್ ಲೋರ್ ಬಿಬಿಸಿ ಮೈಕ್ರೋ ಯಂತ್ರಕ್ಕೂ ಬಂದಿತ್ತು. ನಮ್ಮ ದೇಶಕ್ಕೂ ಆ ಯಂತ್ರಕ್ಕೂ ಒಂದು ನಂಟಿದೆ: 1984ರಲ್ಲಿ ಭಾರತ ಸರ್ಕಾರ ಕ್ಲಾಸ್ ಎಂಬ ಯೋಜನೆಯಡಿ ಆಯ್ದ ಶಾಲೆಗಳಿಗೆ ಕಂಪ್ಯೂಟರ್ ಕೊಡಲು ಹೊರಟಾಗ ಆರಿಸಿಕೊಂಡದ್ದು ಬಿಬಿಸಿ ಮೈಕ್ರೋವನ್ನೇ.

ಸ್ಟ್ಯಾಂಪರ್ ಸಹೋದರರು ಆಮೇಲೆ ರೇರ್ ಎಂಬ ಸಂಸ್ಥೆಯ ಮೂಲಕ ಜಪಾನಿನ ನಿಂಟೆಂಡೊ ಯಂತ್ರಗಳಿಗೆ ಆಟ ರಚಿಸಿದರು. 1994ರ ಡಾಂಕಿ ಕಾಂಗ್ ಕಂಟ್ರಿ ಅವರ ಸಂಸ್ಥೆಯದು. 2002ರಲ್ಲಿ ಮೈಕ್ರೋಸಾಫ್ಟ್ ರೇರ್ ಸಂಸ್ಥೆಯನ್ನು 37.5 ಕೋಟಿ ಡಾಲರಿಗೆ ಕೊಂಡಿತು. 2015ರಲ್ಲಿ ಎಕ್ಸ್‌ಬಾಕ್ಸ್ ಒನ್‌ಗಾಗಿ ಬಂದ ರೇರ್ ರೀಪ್ಲೇ ಎಂಬ 30 ಆಟಗಳ ಸಂಗ್ರಹದಲ್ಲಿ ನೈಟ್ ಲೋರ್ ಕೂಡ ಸೇರಿದೆ. ಅಲ್ಲಿ ತಪ್ಪಿದ ಜಿಗಿತವನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಜಿಗಿಯುವ ಅವಕಾಶವಿದೆ.