ಶಾಲಾ ಅನುದಾನ ಹಂಚಿಕೆ: ಮಧುಗಿರಿ ಶೈಕ್ಷಣಿಕ ಜಿಲ್ಲೆ

ಸರ್ಕಾರಿ ಶಾಲೆಯ ಹಣವನ್ನು ಯಾರು ಹಂಚಬೇಕೆಂಬ ಅಧಿಕಾರ ಹಳೆಯ ಮೈಸೂರು ಸೀಮೆಯಲ್ಲಿ ಒಂದೂವರೆ ಶತಮಾನದಿಂದ ಊರಿಗೂ ರಾಜಧಾನಿಗೂ ನಡುವೆ ಕೈ ಬದಲಾಯಿಸುತ್ತಲೇ ಬಂದಿದೆ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಇದಕ್ಕೆ ಇನ್ನೊಂದು ಸಿಕ್ಕು ಸೇರಿಕೊಂಡಿದೆ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಈ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಉಪನಿರ್ದೇಶಕರ ಕಚೇರಿ ಮಧುಗಿರಿಯಲ್ಲೇ ಇದೆ. ಜಿಲ್ಲಾ ಪಂಚಾಯಿತಿ ಮಾತ್ರ ತುಮಕೂರಿನದು. ದೊಡ್ಡೇರಿ ಹೋಬಳಿಯ ಬಡವನಹಳ್ಳಿಯ ಶಾಲೆಗೆ ದಾಖಲಾತಿಯ ಲೆಕ್ಕ ಕೇಳುವವರು ಒಂದು ಊರಿನಲ್ಲಿದ್ದರೆ, ಜಿಲ್ಲಾ ವಲಯದ ಅನುದಾನಕ್ಕೆ ಒಪ್ಪಿಗೆ ಕೊಡುವ ಸಭೆ ಇನ್ನೊಂದು ಊರಿನಲ್ಲಿ.

ಮೊದಲು ಹಳ್ಳಿಯ ಓದು ಕೂಲಿಮಠದ್ದು. ಪಾಠ ಹೇಳುವ ಅಯ್ಯನವರಿಗೆ ಊರವರೇ ಕಾಳುಕಡ್ಡಿ, ಕಾಸು ಕೊಡುತ್ತಿದ್ದರು. ಮೈಸೂರಿನ ಶಿಕ್ಷಣಾಧಿಕಾರಿ ಬಿ.ಎಲ್. ರೈಸ್ ರೂಪಿಸಿದ ಹೋಬಳಿ ಶಾಲೆಗಳ ಯೋಜನೆ 1868ರಲ್ಲಿ ಬಂದ ಮೇಲೆ ಹೋಬಳಿಗೊಂದು ಶಾಲೆ ಎಂಬ ಕ್ರಮ ಶುರುವಾಯಿತು. ಭೂಕಂದಾಯದ ಜೊತೆಯಲ್ಲೇ ವಸೂಲಾಗುತ್ತಿದ್ದ ಸ್ಥಳೀಯ ಸೆಸ್‌ನ ಒಂದು ಪಾಲು ಈ ಶಾಲೆಗಳಿಗೆ ಹೋಗುತ್ತಿತ್ತು. ಶಾಲೆಗೆ ಮಗನನ್ನು ಕಳಿಸದ ರೈತನೂ ಕಂದಾಯ ಕಟ್ಟುವಾಗ ಶಾಲೆಗೆ ಕೊಟ್ಟೇ ಕೊಡುತ್ತಿದ್ದ.

ಕಡ್ಡಾಯ ಶಿಕ್ಷಣದ 1913ರ ಕಾನೂನಿನ ನಂತರ ದೊಡ್ಡ ಪ್ರಯೋಗ ನಡೆದದ್ದು 1930ರ ಪ್ರಾಥಮಿಕ ಶಿಕ್ಷಣ ಕಾನೂನಿನಲ್ಲಿ. ಶಾಲೆಗಳ ಆಡಳಿತ ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳ ಕೈಗೆ ಹೋಯಿತು. ಅದು ತೃಪ್ತಿಕರವಾಗಲಿಲ್ಲವೆಂದು 1941ರ ಕಾಯಿದೆಯಿಂದ ಸರ್ಕಾರ ಶಾಲೆಗಳನ್ನು ಮರಳಿ ತೆಗೆದುಕೊಂಡಿತು. ಮುಂಬೈ ಕರ್ನಾಟಕದಲ್ಲಿ ಜಿಲ್ಲಾ ಸ್ಕೂಲ್ ಬೋರ್ಡುಗಳು ಏಕೀಕರಣದ ಕಾಲಕ್ಕೂ ಉಳಿದಿದ್ದವು; ಇತ್ತ ಮಧುಗಿರಿಯ ಮೇಷ್ಟರಿಗೆ ಅಷ್ಟರಲ್ಲಿ ಸಂಬಳ ಕೊಡುವವರು ಇಲಾಖೆಯವರೇ ಆಗಿದ್ದರು.

ಮುಂದಿನ ತಿರುವು 1987. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಸಚಿವ ಅಬ್ದುಲ್ ನಜೀರ್ ಸಾಬ್ ಮುತುವರ್ಜಿಯಿಂದ ರೂಪುಗೊಂಡ 1983ರ ಪಂಚಾಯಿತಿ ಕಾಯಿದೆ ಜಾರಿಯಾಗಿ, ಶಾಲೆಗಳು ಜಿಲ್ಲಾ ಪರಿಷತ್ತಿಗೆ ಬಂದವು. ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. 1993ರ ಕಾಯಿದೆ ಇದನ್ನು ಜಿಲ್ಲಾ, ತಾಲ್ಲೂಕು, ಗ್ರಾಮ ಪಂಚಾಯಿತಿಗಳಾಗಿ ಮರುಜೋಡಿಸಿತು. ಪ್ರಾಥಮಿಕ ಶಾಲೆಯ ಶಿಕ್ಷಕರ ಸಂಬಳ ತಾಲ್ಲೂಕು ಪಂಚಾಯಿತಿಯ ಲೆಕ್ಕಕ್ಕೆ ಸೇರಿತು. ಕಾಗದದಲ್ಲಿ ಇದು ದೊಡ್ಡ ಮೊತ್ತ. ಆದರೆ ರಾಜ್ಯ ಬಜೆಟ್ಟಿನ ಜೊತೆ ಬರುವ ‘ಲಿಂಕ್ ಡಾಕ್ಯುಮೆಂಟ್’ ಯಾವ ಪಂಚಾಯಿತಿಗೆ ಯಾವ ಲೆಕ್ಕಶೀರ್ಷಿಕೆಯಲ್ಲಿ ಎಷ್ಟು ಎಂದು ಮೊದಲೇ ಬರೆದಿಟ್ಟಿರುತ್ತದೆ. ಬಿಲ್ಲು ಮಾಡುವವರು ಕ್ಷೇತ್ರ ಶಿಕ್ಷಣಾಧಿಕಾರಿ, ಪಾಸು ಮಾಡುವುದು ಖಜಾನೆ. ಸದಸ್ಯರಿಗೆ ಹಂಚಲು ಉಳಿಯುತ್ತಿದ್ದುದು ರಿಪೇರಿ, ಪೀಠೋಪಕರಣದಂಥ ಬಾಬ್ತು ಮಾತ್ರ, ಸಭೆಯಲ್ಲಿ ಜಗಳವಾಗುತ್ತಿದ್ದುದೂ ಅದರ ಮೇಲೆಯೇ. ಹಣ ಸ್ಥಳೀಯ ಸಂಸ್ಥೆಯ ಮೂಲಕ ಹರಿಯಿತೆಂದ ಮಾತ್ರಕ್ಕೆ ಆ ಸಂಸ್ಥೆಯೇ ಹಂಚಿತೆಂದು ತಿಳಿಯುವುದು ತಪ್ಪು.

ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಹಿನ್ನೆಲೆಯಲ್ಲಿ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಎಂದರೆ ಎಸ್‌ಡಿಎಂಸಿ, ಬಂತು. ಅಧ್ಯಕ್ಷರದೂ ಮುಖ್ಯಶಿಕ್ಷಕರದೂ ಜಂಟಿ ಖಾತೆ. ಕೂಲಿಗೆ ಹೋಗುವ ತಾಯಿತಂದೆಯರೂ ಚೆಕ್ಕಿಗೆ ರುಜು ಹಾಕುವ ಸ್ಥಾನಕ್ಕೆ ಬರಬಹುದಾಯಿತು; ಈ ಇಡೀ ಇತಿಹಾಸದಲ್ಲಿ ನಿಜವಾಗಿ ಊರಿಗೆ ಇಳಿದ ಅಧಿಕಾರ ಬಹುಶಃ ಇದೊಂದೇ. ಸರ್ವ ಶಿಕ್ಷಣ ಅಭಿಯಾನದ ಶಾಲಾನುದಾನ ಈ ಖಾತೆಗೇ ಬರುತ್ತಿತ್ತು. ಅಕ್ಷರ ದಾಸೋಹದ ಬಿಸಿಯೂಟ 2003ರಲ್ಲಿ ಇಡೀ ರಾಜ್ಯಕ್ಕೆ ವಿಸ್ತರಿಸಿದ ಮೇಲೆ ಅದರ ಲೆಕ್ಕವೂ ಮುಖ್ಯಶಿಕ್ಷಕರ ಹೆಗಲಿಗೆ ಬಿತ್ತು.

2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಾ ಯೋಜನೆ ಬಿಡಿ ಅನುದಾನಗಳನ್ನು ಒಟ್ಟುಗೂಡಿಸಿ, ದಾಖಲಾತಿಯನ್ನೇ ಅಳತೆಗೋಲು ಮಾಡಿತು. ಕೇಂದ್ರದ ಪಾಲು 60, ರಾಜ್ಯದ್ದು 40. ಯೋಜನೆಯ ಚೌಕಟ್ಟಿನ ಪ್ರಕಾರ 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000. ಕನಿಷ್ಠ ಹತ್ತನೇ ಒಂದು ಪಾಲು ಸ್ವಚ್ಛತೆಗೆ. 30 ಮಕ್ಕಳ ಶಾಲೆಯಲ್ಲಿ 1,000 ರೂಪಾಯಿ ಪೊರಕೆ, ಫಿನಾಯಿಲ್‌ಗೆ ಹೋದರೆ, ಉಳಿದ 9,000ದಲ್ಲಿ ಸೀಮೆಸುಣ್ಣ, ಹಾಜರಿ ಪುಸ್ತಕ, ಕರೆಂಟ್ ಬಿಲ್ಲು, ಸಣ್ಣಪುಟ್ಟ ರಿಪೇರಿ ಎಲ್ಲ ಸರಿದೂಗಬೇಕು. ಇನ್ನೊಂದು ಮಗು ಸೇರಿದರೆ ಮೊತ್ತ 25,000ಕ್ಕೆ ಏರುತ್ತದೆ. ಒಂದು ಸಂಸಾರ ಬೆಂಗಳೂರಿಗೆ ಗುಳೆ ಹೋದರೆ ಇಳಿಯುತ್ತದೆ. ಮಳೆ ಕೈಕೊಡುವ ಪಾವಗಡ, ಮಧುಗಿರಿಯ ಕಡೆ ಈ ಗೆರೆಗೆ ಬಹಳ ಅರ್ಥವಿದೆ.

ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿದಾಗ ಮಧುಗಿರಿ, ಶಿರಾ, ಪಾವಗಡ ಅತ್ಯಂತ ಹಿಂದುಳಿದ ಗುಂಪಿಗೆ ಸೇರಿದವು, ಕೊರಟಗೆರೆಯೂ ಪಟ್ಟಿಯಲ್ಲಿತ್ತು. ದಾಖಲಾತಿಯ ಮೇಲೆ ನಿಂತ ಶಾಲಾನುದಾನ ಈ ಹಿಂದುಳಿದಿರುವಿಕೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾಂಪೌಂಡು, ಶೌಚಾಲಯ, ಆಟದ ಮೈದಾನದಂಥ ಕೆಲಸಗಳಿಗೆ ಶಾಲೆಗಳು ಗ್ರಾಮ ಪಂಚಾಯಿತಿಯ ಉದ್ಯೋಗ ಖಾತ್ರಿಯ ಕ್ರಿಯಾಯೋಜನೆಯನ್ನು ನೆಚ್ಚಿಕೊಂಡಿದ್ದು ಹೀಗೆ.

2021 ಎರಡು ಬದಲಾವಣೆ ತಂದಿತು. ಕೇಂದ್ರ ಪುರಸ್ಕೃತ ಯೋಜನೆಗಳ ಹಣ ಒಂದೇ ನೋಡಲ್ ಖಾತೆಯಲ್ಲಿ ಉಳಿದು, ಶಾಲೆಯದು ಶೂನ್ಯ ಶಿಲ್ಕಿನ ಖಾತೆಯಾಯಿತು. ಎಸ್‌ಡಿಎಂಸಿಗೆ ಸಿಗುವುದು ಹಣವಲ್ಲ, ಖರ್ಚಿನ ಮಿತಿ. ಅದೇ ವರ್ಷ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದು, ಮುಂದಿನ ವರ್ಷಗಳಲ್ಲಿ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳು ಕುಳಿತರು. ರಿಪೇರಿಯ ಬಾಬ್ತಿಗಾಗಿ ಜಗಳವಾಡುವ ಸದಸ್ಯರೂ ಆಗ ಇರಲಿಲ್ಲ.