ಏಟು ತಪ್ಪಿಸೋ ಇಬ್ಬರು ಎದುರಾದ್ರೆ: ಪೆಪ್ ವರ್ಸಸ್ ವಿಟಕರ್

ಅಲಿ, ಟೈಸನ್ ಹೊಡೆದಾಡಿದ್ರೆ ಯಾರು ಗೆಲ್ತಿದ್ರು ಅನ್ನೋ ವಾದ ನೀವು ಕೇಳಿಯೇ ಇರ್ತೀರಿ. ನನಗೆ ಅದಕ್ಕಿಂತ ಕುತೂಹಲ ಇರೋದು ಇನ್ನೊಂದು ಜೋಡಿ ಬಗ್ಗೆ: ವಿಲ್ಲಿ ಪೆಪ್ ಮತ್ತು ಪರ್ನೆಲ್ ವಿಟಕರ್. ಇಬ್ಬರೂ ಅಮೆರಿಕದವರು, ಇಬ್ಬರೂ ಏಟು ತಪ್ಪಿಸಿಕೊಳ್ಳೋದರಲ್ಲೇ ಹೆಸರು ಮಾಡಿದವರು. ಪೆಪ್ ಹುಟ್ಟಿದ್ದು 1922ರಲ್ಲಿ, ವಿಟಕರ್ 1964ರಲ್ಲಿ.

ಮೊದಲು ತೂಕ. ಪೆಪ್ 57 ಕೆಜಿಯ ಫೆದರ್‌ವೇಟ್, ವಿಟಕರ್ 61 ಕೆಜಿಯ ಲೈಟ್‌ವೇಟ್. ನಾಲ್ಕು ಕೆಜಿ ನಮಗೆ ಒಂದು ಮದುವೆ ಸೀಸನ್ ಅಷ್ಟೇ, ರಿಂಗ್‌ನಲ್ಲಿ ಮಾತ್ರ ದೊಡ್ಡ ಅಂತರ. 60ಕ್ಕೂ ಹೆಚ್ಚು ಪಂದ್ಯ ಸತತವಾಗಿ ಗೆದ್ದಿದ್ದ ಪೆಪ್‌ಗೆ 1943ರಲ್ಲಿ ಮೊದಲ ಸೋಲು ಕೊಟ್ಟ ಸ್ಯಾಮಿ ಆಂಗಟ್ ಕೂಡ ಲೈಟ್‌ವೇಟೇ.

ಇನ್ನು, ಯಾವ ಪೆಪ್‌ನನ್ನ ಕರೆಸೋದು? 1947ರ ಜನವರಿಯಲ್ಲಿ ಅವನಿದ್ದ ವಿಮಾನ ಬಿತ್ತು. ಕಾಲು ಮುರೀತು, ಬೆನ್ನುಮೂಳೆಗೂ ಪೆಟ್ಟಾಯ್ತು. ಜೂನ್‌ನಲ್ಲಿ ಮತ್ತೆ ರಿಂಗ್‌ಗೆ ಇಳಿದ! ಸ್ಯಾಂಡಿ ಸ್ಯಾಡ್ಲರ್ ಕೈಯಲ್ಲಿ ಕಳ್ಕೊಂಡ ಪಟ್ಟವನ್ನ 1949ರಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ವಾಪಸ್ ಗೆದ್ದ. ಇವತ್ತು ಜನ ಮೆಚ್ಚಿಕೊಂಡು ನೋಡೋ ಆ ಪಂದ್ಯದಲ್ಲಿರೋದು ಮುರಿದು ಕೂಡಿದ ಪೆಪ್. ನನಗೆ ಬೇಕಾಗಿರೋದು ಅದಕ್ಕೂ ಮುಂಚಿನವನು. ಅವನ ಬಗ್ಗೆ ಅಂತೆ ಕಂತೆಗಳೇ ಜಾಸ್ತಿ. 1946ರಲ್ಲಿ ಜಾಕಿ ಗ್ರೇವ್ಸ್ ವಿರುದ್ಧ ಒಂದೂ ಏಟು ಹೊಡೆಯದೆ ಮೂರನೇ ಸುತ್ತು ಗೆದ್ದನಂತೆ. ಪಂದ್ಯದ ಮರುದಿನದ ಪತ್ರಿಕೆ ವರದಿಯಲ್ಲಿ ಆ ಸುತ್ತಿನಲ್ಲಿ ಪೆಪ್ ಹೊಡೆದ ಏಟುಗಳ ವಿವರವೇ ಇದೆ. ಕತೆ ಮಾತ್ರ ಸಾಯಲಿಲ್ಲ.

ವಿಟಕರ್‌ಗೆ ಆ ಸಮಸ್ಯೆ ಇಲ್ಲ, ಅವನು ಟಿವಿ ಕಾಲದವನು. 1993ರಲ್ಲಿ ಸ್ಯಾನ್ ಆಂಟೋನಿಯೋದಲ್ಲಿ, ಅಲ್ಲಿವರೆಗೆ ಸೋಲೇ ಕಾಣದ ಹುಲಿಯೋ ಸೀಸರ್ ಚಾವೇಸ್‌ನನ್ನ ಗಾಳಿಗೆ ಗುದ್ದೋ ಹಾಗೆ ಮಾಡಿದ. ಇಬ್ಬರು ಜಡ್ಜ್‌ಗಳು 115-115 ಕೊಟ್ಟರು, ಒಬ್ಬರು ಮಾತ್ರ 115-113 ವಿಟಕರ್‌ಗೆ. ಡ್ರಾ! ಇಡೀ ಜಗತ್ತು ನೋಡಿದ್ದು ಒಂದು, ಕಾರ್ಡ್‌ನಲ್ಲಿ ಬರೆದಿದ್ದು ಇನ್ನೊಂದು.

ಈಗ ಇಬ್ಬರನ್ನೂ ಎದುರುಬದುರು ನಿಲ್ಲಿಸಿ. ಪೆಪ್ ಕಾಲಿನ ಮನುಷ್ಯ: ಪಕ್ಕಕ್ಕೆ ಸರಿದು, ಎದುರಾಳಿ ತಿರುಗೋದರೊಳಗೆ ಬೇರೆ ಕೋನದಲ್ಲಿರ್ತಾನೆ. ವಿಟಕರ್ ಸೊಂಟದ ಮನುಷ್ಯ: ಮಂಡಿ ಬಗ್ಗಿಸಿ, ಕೈಗೆಟುಕೋ ದೂರದಲ್ಲೇ ನಿಂತು, ತಲೆ ಮಾತ್ರ ಜಾರಿಸ್ತಾನೆ. ಆದರೆ ಸ್ಯಾಡ್ಲರ್, ಚಾವೇಸ್ ಥರದವರು ನುಗ್ಗಿ ಬಂದಿದ್ದಕ್ಕೇ ಇವರ ವಿದ್ಯೆ ಕಾಣಿಸಿದ್ದು. ಯಾರೂ ನುಗ್ಗದಿದ್ರೆ?

ಕೊನೆಗೆ ಮುಂದೆ ಹೋಗೋನು ವಿಟಕರ್ ಅಂತ ನನ್ನ ಅಂದಾಜು. 1990ರಲ್ಲಿ ಕೆಳಗಿನ ತೂಕದಿಂದ ಬಂದ ಘಾನಾದ ಅಜುಮಾ ನೆಲ್ಸನ್‌ನನ್ನ ಸೋಲಿಸಿದವನು ಅವನು. ಮೇಲಾಗಿ ಸೌತ್‌ಪಾ, ಅಂದ್ರೆ ಬಲಗೈ ಮುಂದಿಟ್ಟು ನಿಲ್ಲೋನು. ಆ ಬಲಗೈ ಜ್ಯಾಬ್ ಪೆಪ್‌ನ ಹೊಟ್ಟೆಗೆ ಬೀಳ್ತಾ ಇದ್ರೆ ಕಾಲು ನಿಧಾನ ಆಗ್ತವೆ. ಪೆಪ್ ತನ್ನ ಎಡಕ್ಕೆ ಸುತ್ತಬೇಕು, ಇಲ್ಲದಿದ್ರೆ ವಿಟಕರ್‌ನ ಎಡಗೈ ಕಾಯ್ತಿರುತ್ತೆ.

ಪೆಪ್ ಕಾಲದ ಪಟ್ಟದ ಪಂದ್ಯ 15 ಸುತ್ತು, ವಿಟಕರ್ ಕಾಲದ್ದು 12. 15 ಅಂದ್ರೆ ಕೊನೆಯ ಮೂರು ಸುತ್ತು ಪೆಪ್ ತಗೊಂಡು ಬಿಡಬಹುದು. 12ಕ್ಕೆ ನನ್ನ ಕಾರ್ಡ್ ವಿಟಕರ್‌ಗೆ, 115-113. ಸ್ಯಾನ್ ಆಂಟೋನಿಯೋದ ಆ ಒಬ್ಬ ಜಡ್ಜ್ ಬರೆದ ಅದೇ ಅಂಕ.