ಕಾಲ್ಚೆಂಡಿನ ಇನ್ನೊಂದು ಭೂಪಟ

2023ರ ಆಗಸ್ಟ್ 3. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಪಂದ್ಯ ಮುಗಿದರೂ ಮೊರೊಕ್ಕೊದ ಆಟಗಾರ್ತಿಯರು ಅಂಗಳ ಬಿಟ್ಟು ಕದಲಲಿಲ್ಲ. ಕೊಲಂಬಿಯಾವನ್ನು 1–0ರಿಂದ ಸೋಲಿಸಿದ್ದರು, ಆದರೆ ಕುಣಿಯುವಂತಿರಲಿಲ್ಲ. ದೂರದ ಬ್ರಿಸ್ಬೇನ್‌ನಲ್ಲಿ ಜರ್ಮನಿ ಮತ್ತು ದಕ್ಷಿಣ ಕೊರಿಯಾ ಇನ್ನೂ ಆಡುತ್ತಿದ್ದವು. ಅಲ್ಲಿ 1–1ರ ಸಮ; ಜರ್ಮನಿ ಇನ್ನೊಂದು ಗೋಲು ಹೊಡೆದರೆ ಇವರು ಊರಿಗೆ ಹೊರಡಬೇಕು. ಮೊಬೈಲ್ ಸುತ್ತ ತಲೆಗೆ ತಲೆ ತಾಗಿಸಿ ನಿಂತರು. ಅಲ್ಲಿ ಕೊನೆಯ ಸೀಟಿ ಕೇಳಿದ್ದೇ ತಡ, ಇಲ್ಲಿ ಕೂಗು, ಅಪ್ಪುಗೆ, ಕಣ್ಣೀರು. ಹತ್ತು ದಿನಗಳ ಹಿಂದೆ ಅದೇ ಜರ್ಮನಿ ಇವರಿಗೆ ಆರು ಗೋಲು ಬಾರಿಸಿತ್ತು. ಈಗ ಎರಡು ಸಲದ ಚಾಂಪಿಯನ್ ಮನೆಗೆ, ಮೊದಲ ಸಲ ಬಂದವರು ಮುಂದಿನ ಸುತ್ತಿಗೆ.

ಮಹಿಳಾ ವಿಶ್ವಕಪ್ ಇಂಥ ಬೆರಗುಗಳಿಗೆ ತಡವಾಗಿ ತೆರೆದುಕೊಂಡ ಟೂರ್ನಿ. 1991ರಿಂದ 2023ರವರೆಗೆ ನಡೆದ ಒಂಬತ್ತು ಆವೃತ್ತಿಗಳಲ್ಲಿ 44 ದೇಶಗಳು ಆಡಿವೆ. ಎಲ್ಲ ಒಂಬತ್ತರಲ್ಲೂ ಇದ್ದದ್ದು ಏಳೇ: ಅಮೆರಿಕ, ಜರ್ಮನಿ, ನಾರ್ವೆ, ಸ್ವೀಡನ್, ಬ್ರೆಜಿಲ್, ಜಪಾನ್, ನೈಜೀರಿಯಾ. ಕಪ್ ಎತ್ತಿದ್ದು ಐದು ದೇಶ: ಅಮೆರಿಕ ನಾಲ್ಕು ಸಲ, ಜರ್ಮನಿ ಎರಡು ಸಲ, ನಾರ್ವೆ, ಜಪಾನ್, ಸ್ಪೇನ್ ಒಂದೊಂದು ಸಲ.

ಪುರುಷರ ಫುಟ್‌ಬಾಲ್ ನೋಡಿ ಬೆಳೆದವರಿಗೆ ಈ ಪಟ್ಟಿ ತಲೆಕೆಳಗಾಗಿ ಕಾಣುತ್ತದೆ. ಮರಡೋನಾ, ಮೆಸ್ಸಿಯರ ಅರ್ಜೆಂಟೀನಾ ಮಹಿಳಾ ವಿಶ್ವಕಪ್‌ನಲ್ಲಿ ಈವರೆಗೆ ಒಂದೇ ಒಂದು ಪಂದ್ಯ ಗೆದ್ದಿಲ್ಲ. ಮೊದಲ ಅಂಕ ಸಿಕ್ಕಿದ್ದೇ 2019ರಲ್ಲಿ. ಆಟ ಹುಟ್ಟಿದ ಇಂಗ್ಲೆಂಡ್ ಮೊದಲ ನಾಲ್ಕು ಟೂರ್ನಿಗಳಲ್ಲಿ ಮೂರಕ್ಕೆ ಅರ್ಹತೆಯನ್ನೇ ಪಡೆಯಲಿಲ್ಲ. ಪುಟ್ಟ ನಾರ್ವೆ 1995ರಲ್ಲೇ ಚಾಂಪಿಯನ್. ಫುಟ್‌ಬಾಲನ್ನು ಎದೆಗವಚಿಕೊಂಡ ನಾಡುಗಳೇ ಇಲ್ಲಿ ಹಿಂದೆ ಬಿದ್ದದ್ದಕ್ಕೆ ಕಾರಣ ಪ್ರತಿಭೆಯಲ್ಲಿಲ್ಲ. ಅಂಗಳದ ಬೀಗದ ಕೈ ಯಾರ ಬಳಿ ಇತ್ತು ಎಂಬುದರಲ್ಲಿದೆ.

ಬೀಗ ಹಾಕಿದವರು

1920ರ ಕ್ರಿಸ್ಮಸ್‌ನ ಮರುದಿನ ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಮಹಿಳೆಯರ ಪಂದ್ಯ ನೋಡಲು ಸುಮಾರು 53 ಸಾವಿರ ಜನ ಸೇರಿದ್ದರು. ಪ್ರೆಸ್ಟನ್ ಊರಿನ ಕಾರ್ಖಾನೆಯ ಹೆಣ್ಣುಮಕ್ಕಳು ಕಟ್ಟಿದ್ದ ಡಿಕ್, ಕರ್ ಲೇಡೀಸ್ ಆಗ ಮನೆಮಾತು. ಒಂದು ವರ್ಷ ತುಂಬುವ ಮೊದಲೇ, 1921ರ ಡಿಸೆಂಬರ್ 5ರಂದು, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಈ ಆಟ ಹೆಂಗಸರಿಗೆ ಒಗ್ಗುವುದಿಲ್ಲ ಎಂದು ತೀರ್ಪು ಕೊಟ್ಟಿತು. ತನ್ನ ಸದಸ್ಯ ಕ್ಲಬ್‌ಗಳ ಮೈದಾನಗಳನ್ನು ಅವರಿಗೆ ಕೊಡಬಾರದೆಂದು ಕಟ್ಟಪ್ಪಣೆ ಮಾಡಿತು. ಆ ನಿಷೇಧ ತೆರವಾಗಲು ಸುಮಾರು ಐದು ದಶಕ ಬೇಕಾಯಿತು.

ಬ್ರೆಜಿಲ್‌ನಲ್ಲಿ 1941ರ ಸರ್ಕಾರಿ ಆಜ್ಞೆ ಹೆಣ್ಣಿನ 'ಸ್ವಭಾವ'ಕ್ಕೆ ಹೊಂದದ ಕ್ರೀಡೆಗಳಿಗೆ ತಡೆ ಹಾಕಿತು. ಅದು ರದ್ದಾಗಿದ್ದು 1979ರಲ್ಲಿ. ಗಂಡಸರು ಮೂರು ವಿಶ್ವಕಪ್ ಗೆದ್ದು ತಂದ ಆ ಅವಧಿಯುದ್ದಕ್ಕೂ ಹೆಣ್ಣುಮಕ್ಕಳು ಚೆಂಡು ಒದೆಯುವುದು ಕಾನೂನಿಗೆ ವಿರುದ್ಧವಾಗಿತ್ತು. ಪಶ್ಚಿಮ ಜರ್ಮನಿಯೂ 1955ರಿಂದ 1970ರವರೆಗೆ ಇದೇ ಹಾದಿ ಹಿಡಿಯಿತು. ನಿಷೇಧ ಹೋದ ಮೇಲೂ ಧೋರಣೆ ತಕ್ಷಣ ಬದಲಾಗಲಿಲ್ಲ. 1989ರಲ್ಲಿ ಯುರೋಪ್ ಚಾಂಪಿಯನ್ನರಾದ ಜರ್ಮನ್ ಆಟಗಾರ್ತಿಯರಿಗೆ ಅವರ ಸಂಸ್ಥೆ ಕೊಟ್ಟ ಬಹುಮಾನ ಒಂದು ಪಿಂಗಾಣಿ ಕಾಫಿ ಸೆಟ್!

ಅಧಿಕಾರಸ್ಥರು ಒಪ್ಪದಿದ್ದರೂ ಜನ ಒಪ್ಪಿದ್ದರು ಎಂಬುದಕ್ಕೆ 1971ರ ಮೆಕ್ಸಿಕೊ ಸಾಕ್ಷಿ. ಫಿಫಾದ ಮುದ್ರೆ ಇಲ್ಲದೆ ನಡೆದ ಆ ವಿಶ್ವಕಪ್‌ನ ಫೈನಲ್‌ಗೆ ಅಜ್ಟೆಕಾ ಕ್ರೀಡಾಂಗಣದಲ್ಲಿ ಲಕ್ಷಕ್ಕೂ ಮಿಕ್ಕಿ ಜನ ನೆರೆದಿದ್ದರು. ಆತಿಥೇಯರನ್ನು ಡೆನ್ಮಾರ್ಕ್ 3–0ರಿಂದ ಮಣಿಸಿತು. ಮೂರೂ ಗೋಲು 15 ವರ್ಷದ ಸುಸಾನ್ ಆಗಸ್ಟೆಸೆನ್ ಅವರದು.

ಖಾಲಿ ಜಾಗ ಸಿಕ್ಕವರು

1986ರಲ್ಲಿ ಮೆಕ್ಸಿಕೊ ನಗರದಲ್ಲಿ ಸೇರಿದ್ದ ಫಿಫಾ ಮಹಾಸಭೆಯಲ್ಲಿ ನಾರ್ವೆಯ ಪ್ರತಿನಿಧಿ ಎಲೆನ್ ವಿಲೆ ಎದ್ದು ನಿಂತು, ಮಹಿಳೆಯರಿಗೂ ವಿಶ್ವಕಪ್ ಬೇಕೆಂದು ಕೇಳಿದರು. 1988ರಲ್ಲಿ ಚೀನಾದಲ್ಲಿ ಹನ್ನೆರಡು ತಂಡಗಳ ಪ್ರಾಯೋಗಿಕ ಟೂರ್ನಿ ನಡೆಯಿತು. 1991ರಲ್ಲಿ ಅದೇ ಚೀನಾದಲ್ಲಿ ಮೊದಲ ಅಧಿಕೃತ ಟೂರ್ನಿ. ಆದರೂ ಫಿಫಾಗೆ ಅಳುಕು ಹೋಗಿರಲಿಲ್ಲ: 'ವಿಶ್ವಕಪ್' ಎಂದು ಬಾಯ್ತುಂಬ ಕರೆಯದೆ ಚಾಕೊಲೇಟ್ ಮಿಠಾಯಿಯೊಂದರ ಹೆಸರಿನ ಕಪ್ ಎಂದಿತು; ಪಂದ್ಯಗಳು 90ರ ಬದಲು 80 ನಿಮಿಷದವು. ಫೈನಲ್‌ನಲ್ಲಿ ಮಿಶೆಲ್ ಏಕರ್ಸ್ ಅವರ ಎರಡು ಗೋಲುಗಳಿಂದ ಅಮೆರಿಕ 2–1ರಲ್ಲಿ ನಾರ್ವೆಯನ್ನು ಸೋಲಿಸಿತು.

ಅಮೆರಿಕವೇ ಏಕೆ? ಅಲ್ಲಿ ಗಂಡಸರ ಕಣ್ಣು ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್ ಮತ್ತು ಅವರದೇ ಬಗೆಯ ಫುಟ್‌ಬಾಲ್ ಮೇಲಿತ್ತು. 'ಸಾಕರ್'ಗೆ ವಾರಸುದಾರರೇ ಇರಲಿಲ್ಲ. 1972ರಲ್ಲಿ ಬಂದ 'ಟೈಟಲ್ ನೈನ್' ಕಾನೂನು, ಸರ್ಕಾರದ ಹಣ ಪಡೆಯುವ ಶಾಲೆ ಕಾಲೇಜುಗಳು ಲಿಂಗಭೇದ ಮಾಡುವಂತಿಲ್ಲ ಎಂದಿತು. ಹುಡುಗರ ದೊಡ್ಡ ತಂಡಗಳಿಗೆ ಸರಿದೂಗಿಸಲು ಹುಡುಗಿಯರ ತಂಡ ಕಟ್ಟಬೇಕಾಯಿತು, ವಿದ್ಯಾರ್ಥಿವೇತನ ಕೊಡಬೇಕಾಯಿತು. ಹಾಗೆ ಬೆಳೆದವರು ಮಿಯಾ ಹ್ಯಾಮ್‌ರಂಥವರು. ಚೀನಾದಲ್ಲಿ ಸರ್ಕಾರವೇ ನಡೆಸುವ ಕ್ರೀಡಾಶಾಲೆಗಳು ಇದೇ ಕೆಲಸ ಮಾಡಿದವು. ಸಮಾನತೆಯ ಮಾತು ಮೊದಲೇ ಬೇರೂರಿದ್ದ ಸ್ಕ್ಯಾಂಡಿನೇವಿಯಾದಲ್ಲಿ ಸಂಸ್ಥೆಗಳು ಬೇಗ ಬಾಗಿಲು ತೆರೆದವು.

1999ರ ಫೈನಲ್ ಈ ಮೊದಲ ಪರ್ವದ ಶಿಖರ. ಕ್ಯಾಲಿಫೋರ್ನಿಯಾದ ರೋಸ್ ಬೌಲ್‌ನಲ್ಲಿ 90,185 ಪ್ರೇಕ್ಷಕರು. ಅಮೆರಿಕ ಮತ್ತು ಚೀನಾ ಗೋಲಿಲ್ಲದೆ ಸೆಣಸಿ ಪೆನಾಲ್ಟಿಗೆ ಬಂದವು. ಬ್ರಿಯಾನಾ ಸ್ಕರಿ ಒಂದು ಹೊಡೆತ ತಡೆದರು, ಬ್ರಾಂಡಿ ಚಾಸ್ಟೇನ್ ಕೊನೆಯದನ್ನು ಬಲೆಗೆ ಹೊಡೆದರು. ಮುಂದಿನ ಎರಡು ಕಪ್ ಜರ್ಮನಿಗೆ. 2007ರಲ್ಲಂತೂ ಒಂದೂ ಗೋಲು ಬಿಟ್ಟುಕೊಡದೆ ಗೆದ್ದಿತು, ಅರ್ಜೆಂಟೀನಾವನ್ನು 11–0ರಿಂದ ಬಡಿಯಿತು. 2011ರಲ್ಲಿ ಸುನಾಮಿಯ ಗಾಯ ಆರದ ಜಪಾನ್ ಸರದಿ. ಫೈನಲ್‌ನ ಹೆಚ್ಚುವರಿ ಅವಧಿಯಲ್ಲಿ ಹೊಮಾರೆ ಸಾವಾ 117ನೇ ನಿಮಿಷಕ್ಕೆ ಕಾರ್ನರ್‌ನಿಂದ ಬಂದ ಚೆಂಡಿಗೆ ಕಾಲು ಸೋಕಿಸಿ 2–2 ಮಾಡಿದರು. ಪೆನಾಲ್ಟಿಯಲ್ಲಿ ಅಮೆರಿಕ ಸೋತಿತು.

ಕ್ಲಬ್‌ಗಳು ಎಚ್ಚೆತ್ತಾಗ

2015ರಲ್ಲಿ ತಂಡಗಳ ಸಂಖ್ಯೆ 16ರಿಂದ 24ಕ್ಕೆ, 2023ರಲ್ಲಿ 32ಕ್ಕೆ ಏರಿತು. ಏರಿದಾಗಲೆಲ್ಲ 'ಗುಣಮಟ್ಟ ಇಳಿಯುತ್ತದೆ' ಎಂಬ ಗೊಣಗಾಟ. 2019ರಲ್ಲಿ ಥಾಯ್ಲೆಂಡ್ ಅಮೆರಿಕದ ಕೈಯಲ್ಲಿ 13–0ರಿಂದ ಸೋತಾಗ ಆ ದನಿ ಜೋರಾಯಿತು. ನಾಲ್ಕು ವರ್ಷಗಳ ನಂತರ ಅದೇ ಅಮೆರಿಕಕ್ಕೆ ಹೊಸಬರಾದ ವಿಯೆಟ್ನಾಂ ವಿರುದ್ಧ ದಕ್ಕಿದ್ದು ಮೂರೇ ಗೋಲು. ಜಮೈಕಾ ಫ್ರಾನ್ಸನ್ನೂ ಬ್ರೆಜಿಲನ್ನೂ ಗೋಲಿಲ್ಲದ ಡ್ರಾದಲ್ಲಿ ಕಟ್ಟಿಹಾಕಿತು. ಆ ತಂಡದ ತಯಾರಿಯ ಖರ್ಚಿಗೆ ಆಟಗಾರ್ತಿಯೊಬ್ಬರ ತಾಯಿ ಆನ್‌ಲೈನ್‌ನಲ್ಲಿ ಚಂದಾ ಎತ್ತಿದ್ದರು!

ಅಂತರ ತಗ್ಗಿಸಿದ್ದು ಮುಖ್ಯವಾಗಿ ಯುರೋಪಿನ ಕ್ಲಬ್‌ಗಳು. ಪುರುಷರ ತಂಡಕ್ಕೆ ಇದ್ದ ಅಂಗಳ, ತರಬೇತುದಾರ, ವೈದ್ಯರನ್ನು ಮಹಿಳೆಯರ ಜೊತೆ ಹಂಚಿಕೊಂಡಾಗ ಫಲ ಕಣ್ಣಿಗೆ ಕಂಡಿತು. 2022ರಲ್ಲಿ ಬಾರ್ಸಿಲೋನಾ ಮಹಿಳೆಯರ ಪಂದ್ಯಗಳಿಗೆ ಎರಡು ಬಾರಿ 91 ಸಾವಿರಕ್ಕೂ ಹೆಚ್ಚು ಜನ ಬಂದರು. 2015ರಲ್ಲಿ ಮೊದಲ ಸಲ ವಿಶ್ವಕಪ್‌ಗೆ ಬಂದು ಒಂದು ಅಂಕದೊಂದಿಗೆ ಮರಳಿದ್ದ ಸ್ಪೇನ್, 2023ರ ಫೈನಲ್‌ನಲ್ಲಿ ಓಲ್ಗಾ ಕರ್ಮೋನಾ ಗೋಲಿನಿಂದ ಇಂಗ್ಲೆಂಡನ್ನು 1–0ರಲ್ಲಿ ಸೋಲಿಸಿತು. ತಡವಾಗಿ ಬೀಗ ತೆಗೆದ ಫುಟ್‌ಬಾಲ್ ನಾಡುಗಳು ಕೊನೆಗೂ ತಮ್ಮ ಬಲ ತೋರಿದವು. ಆರಂಭದ ಸಾಹುಕಾರರು ಬಳಲಿದರು: ಚೀನಾ 6–1ರಿಂದ ಇಂಗ್ಲೆಂಡಿಗೆ ಸೋತು ಗುಂಪಿನಲ್ಲೇ ಹೊರಬಿತ್ತು, ಅಮೆರಿಕ ಹದಿನಾರರ ಘಟ್ಟದಲ್ಲಿ ಸ್ವೀಡನ್‌ಗೆ ಪೆನಾಲ್ಟಿಯಲ್ಲಿ ಸೋತಿತು. ಮೊರೊಕ್ಕೊ ಕೂಡ ಆಕಾಶದಿಂದ ಇಳಿದದ್ದಲ್ಲ. ಅಲ್ಲಿ ಅಷ್ಟರಲ್ಲಾಗಲೇ ಎರಡು ಹಂತದ ವೃತ್ತಿಪರ ಮಹಿಳಾ ಲೀಗ್ ಇತ್ತು. ಆ ತಂಡದ ನುಹೈಲಾ ಬೆಂಜಿನಾ ಹಿಜಾಬ್ ತೊಟ್ಟು ಈ ವಿಶ್ವಕಪ್ ಆಡಿದ ಮೊದಲಿಗರು. ತಲೆವಸ್ತ್ರದ ಮೇಲಿನ ಫಿಫಾ ನಿಷೇಧ ಹೋಗಿದ್ದು 2014ರಲ್ಲಷ್ಟೆ.

ಆದರೆ ಬೀಗ ತೆಗೆದ ಮಾತ್ರಕ್ಕೆ ಯಜಮಾನಿಕೆ ಹೋಗುವುದಿಲ್ಲ. ಸ್ಪೇನ್‌ನಲ್ಲಿ 2022ರಲ್ಲೇ 15 ಆಟಗಾರ್ತಿಯರು ರಾಷ್ಟ್ರೀಯ ತಂಡಕ್ಕೆ ತಮ್ಮನ್ನು ಪರಿಗಣಿಸಬೇಡಿ ಎಂದು ಪತ್ರ ಬರೆದಿದ್ದರು. ಕಪ್ ಗೆದ್ದ ವೇದಿಕೆಯಲ್ಲೇ ಸಂಸ್ಥೆಯ ಅಧ್ಯಕ್ಷ ಲೂಯಿಸ್ ರುಬಿಯಾಲೆಸ್, ಜೆನ್ನಿ ಹೆರ್ಮೊಸೊ ಒಪ್ಪಿಗೆ ಇಲ್ಲದೆ ಅವರ ತುಟಿಗೆ ಮುತ್ತಿಟ್ಟರು. ಕುರ್ಚಿ ಬಿಡಬೇಕಾಯಿತು, 2025ರಲ್ಲಿ ನ್ಯಾಯಾಲಯ ದಂಡ ವಿಧಿಸಿತು. ಅಮೆರಿಕದ ಆಟಗಾರ್ತಿಯರು 2019ರಲ್ಲಿ ಸಮಾನ ವೇತನಕ್ಕಾಗಿ ಕೋರ್ಟು ಹತ್ತಿ, 2022ರಲ್ಲಿ 2.4 ಕೋಟಿ ಡಾಲರ್ ಒಪ್ಪಂದಕ್ಕೆ ಬಂದರು. 2023ರ ಬಹುಮಾನದ ಮೊತ್ತ 11 ಕೋಟಿ ಡಾಲರ್. ಅದರ ಹಿಂದಿನ ವರ್ಷ ಕತಾರ್‌ನಲ್ಲಿ ಗಂಡಸರಿಗೆ ಇದ್ದದ್ದು 44 ಕೋಟಿ.

2027ರ ಆತಿಥ್ಯ ಬ್ರೆಜಿಲ್‌ಗೆ, ಒಂದು ಕಾಲಕ್ಕೆ ಚೆಂಡು ಮುಟ್ಟಬಾರದೆಂದ ನಾಡಿಗೆ. ನಿಷೇಧ ಹೋಗಿ ಏಳು ವರ್ಷಕ್ಕೆ ಹುಟ್ಟಿದ ಮಾರ್ತಾ ಐದು ವಿಶ್ವಕಪ್‌ಗಳಲ್ಲಿ 17 ಗೋಲು ಹೊಡೆದವರು. ನಿಷೇಧದ ಕಾಲದಲ್ಲಿ ಆಡಬೇಕಿದ್ದವರ ಲೆಕ್ಕ ಎಲ್ಲೂ ಬರೆದಿಲ್ಲ.

ನಮ್ಮ ಲೆಕ್ಕ

ಅಮೆರಿಕಕ್ಕೆ ಸಿಕ್ಕ ಖಾಲಿ ಜಾಗ ಭಾರತಕ್ಕೂ ಸಿಕ್ಕಿತ್ತು. ಇಲ್ಲಿ ಗಂಡಸರ ಕಣ್ಣೆಲ್ಲ ಕ್ರಿಕೆಟ್ ಮೇಲಿತ್ತು, ಫುಟ್‌ಬಾಲ್ ಆಡಬೇಡಿ ಎಂಬ ಕಾನೂನೂ ಇರಲಿಲ್ಲ. 1975ರಲ್ಲಿ ಮಹಿಳಾ ಫುಟ್‌ಬಾಲ್‌ಗೆ ಪ್ರತ್ಯೇಕ ಸಂಸ್ಥೆ ಹುಟ್ಟಿತು. 1980ರಲ್ಲಿ ಕೋಯಿಕ್ಕೋಡ್‌ನಲ್ಲಿ, 1983ರಲ್ಲಿ ಬ್ಯಾಂಕಾಕ್‌ನಲ್ಲಿ ಭಾರತದ ಹುಡುಗಿಯರು ಏಷ್ಯಾದ ರನ್ನರ್ ಅಪ್. ಆಮೇಲೆ ಆಸರೆಯಾಗಿ ನಿಲ್ಲುವ ಕಾಲೇಜೂ ಬರಲಿಲ್ಲ, ಕ್ಲಬ್ಬೂ ಬರಲಿಲ್ಲ. 2009ರಲ್ಲಿ ಸಾಕಷ್ಟು ಪಂದ್ಯ ಆಡಿಲ್ಲವೆಂದು ಫಿಫಾ ಶ್ರೇಯಾಂಕದಿಂದಲೇ ಹೆಸರು ಬಿಟ್ಟುಹೋಯಿತು. ರಾಷ್ಟ್ರೀಯ ಲೀಗ್ ಶುರುವಾಗಿದ್ದು 2017ರ ಹೊತ್ತಿಗೆ. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2023ರಲ್ಲಿ ಅದರ ಫೈನಲ್‌ವರೆಗೂ ಹೋಯಿತು.

1983ರ ಫೈನಲ್‌ನಲ್ಲಿ ನಮ್ಮನ್ನು ಸೋಲಿಸಿದ್ದು ಥಾಯ್ಲೆಂಡ್. 2025ರ ಜುಲೈನಲ್ಲಿ ಅದೇ ಥಾಯ್ಲೆಂಡನ್ನು ಅದರದೇ ನೆಲ ಚಿಯಾಂಗ್ ಮಾಯ್‌ನಲ್ಲಿ 2–1ರಿಂದ ಸೋಲಿಸಿ ಭಾರತ ಏಷ್ಯಾ ಕಪ್‌ಗೆ ಅರ್ಹತೆ ಪಡೆಯಿತು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು. ಈ 42 ವರ್ಷಗಳ ನಡುವೆ ಥಾಯ್ಲೆಂಡ್ ಎರಡು ವಿಶ್ವಕಪ್ ಆಡಿ ಬಂದಿದೆ. ನಾವು ಆಡಿದ್ದು ಸೊನ್ನೆ.